ಒಂದಕ್ಕಿಂತ ಹೆಚ್ಚು ಸಿಮ್ ಇದ್ದರೆ ಶುಲ್ಕ ಕಟ್ಟಬೇಕೇ? ಎಣಿಕೆ ನಡೆಯುವುದು ಹೀಗೆ

"ಒಬ್ಬರ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಸಿಮ್ ಇದ್ದರೆ ಶುಲ್ಕ ಕಟ್ಟಬೇಕು" ಎನ್ನುವ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಬರುತ್ತದೆ. ಅಪ್ಪ, ಅವ್ವ, ಕಾಲೇಜಿಗೆ ಹೋಗುವ ಮಗಳು, ಎಲ್ಲರ ಸಿಮ್ಮೂ ಒಬ್ಬರದೇ ಆಧಾರ್ ಮೇಲಿರುವ ಮನೆಗಳು ಹಾನಗಲ್, ಶಿಗ್ಗಾಂವಿ ಕಡೆಯೂ ಇವೆ. ಅಂಥವರಿಗೆ ಗಾಬರಿಯಾಗುವುದು ಸಹಜ.

ನಿಜವೇನು?

ಇಂಥ ಶುಲ್ಕದ ಸುದ್ದಿ ಸುಳ್ಳು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2024ರ ಜೂನ್‌ನಲ್ಲೇ ಸ್ಪಷ್ಟಪಡಿಸಿದೆ. ಆದರೆ ಮಿತಿ ಮಾತ್ರ ಇದೆ. ಕರ್ನಾಟಕದಲ್ಲಿ ಒಬ್ಬರ ಹೆಸರಿನಲ್ಲಿ 9 ಸಿಮ್ ಇರಬಹುದು. ಜಮ್ಮು-ಕಾಶ್ಮೀರ, ಅಸ್ಸಾಂ ಮತ್ತು ಈಶಾನ್ಯ ರಾಜ್ಯಗಳಲ್ಲಿ 6. ಇದನ್ನು ಮೀರಿದವರ ಮರುಪರಿಶೀಲನೆಗೆ ದೂರಸಂಪರ್ಕ ಇಲಾಖೆ 2021ರ ಡಿಸೆಂಬರ್‌ನಲ್ಲಿ ಆದೇಶಿಸಿತ್ತು. ಯಾವ ನಂಬರ್ ಉಳಿಸಿಕೊಳ್ಳಬೇಕು ಎಂಬ ಆಯ್ಕೆ ಗ್ರಾಹಕರದ್ದೇ.

ಮಿತಿ ಮೀರಿದವರನ್ನು ಕಂಪ್ಯೂಟರ್ ಹೇಗೆ ಹುಡುಕುತ್ತದೆ?

ಇಂಥ ಮಾಹಿತಿಯನ್ನು ಸಾಮಾನ್ಯವಾಗಿ ಎರಡು ಪಟ್ಟಿಗಳಲ್ಲಿ ಇಡುತ್ತಾರೆ. ಒಂದರಲ್ಲಿ ಗ್ರಾಹಕರು, ಇನ್ನೊಂದರಲ್ಲಿ ನಂಬರುಗಳು. ಪ್ರತಿ ನಂಬರಿನ ಪಕ್ಕ ಅದು ಯಾರದು ಎಂಬ ಗುರುತಿರುತ್ತದೆ. "ಇವರ ಬಳಿ 10 ಸಿಮ್" ಎಂದು ಬರೆದಿಟ್ಟಿರಬೇಕಿಲ್ಲ, ಕೇಳಿದಾಗ ಎಣಿಸಿದರಾಯಿತು. ವೆಬ್‌ಸೈಟ್ ಕಟ್ಟಲು ಬಳಸುವ ಜಾಂಗೊದಂಥ ತಂತ್ರಾಂಶಗಳಲ್ಲಿ ಇದಕ್ಕೆ ಮೂರು ಹೆಜ್ಜೆ: ನಂಬರುಗಳನ್ನು ಗ್ರಾಹಕರವಾರು ಗುಂಪು ಮಾಡುವುದು, ಎಣಿಸುವುದು, 9 ದಾಟಿದವರನ್ನು ಮಾತ್ರ ಆರಿಸುವುದು.

ಇಲ್ಲಿ ಕ್ರಮ ಮುಖ್ಯ. ಒಬ್ಬರ ಹೆಸರಿನಲ್ಲಿ 7 ಚಾಲ್ತಿ ನಂಬರು, 4 ಬಂದ್ ಆದ ನಂಬರು ಇವೆ ಎಂದುಕೊಳ್ಳಿ. ಬಂದ್ ಆದವನ್ನು ಮೊದಲೇ ಬಿಟ್ಟು ಎಣಿಸಿದರೆ 7, ಅವರು ಮಿತಿಯೊಳಗೆ. ಬಿಡದೆ ಎಣಿಸಿದರೆ 11, ತಪ್ಪು ಮಾಡದವರೂ ಪಟ್ಟಿಗೆ ಸೇರುತ್ತಾರೆ. ಹಾಗೆಯೇ "9ಕ್ಕಿಂತ ಹೆಚ್ಚು" ಎನ್ನುವ ಬದಲು "9 ಅಥವಾ ಹೆಚ್ಚು" ಎಂದು ಬರೆದರೆ ಸರಿಯಾಗಿ 9 ಇರುವವರೂ ಸಿಕ್ಕಿಬೀಳುತ್ತಾರೆ.

ಬೇರೆ ಬೇರೆ ಹೆಸರಿನಲ್ಲಿ ಸಿಮ್ ಪಡೆದ ವಂಚಕರು ಮಾತ್ರ ಈ ಎಣಿಕೆಗೆ ಸಿಗುವುದಿಲ್ಲ. ಅದಕ್ಕೇ ಇಲಾಖೆ ಅರ್ಜಿಯ ಫೋಟೊಗಳಲ್ಲಿನ ಮುಖ ಹೋಲಿಸುವ 'ಅಸ್ತ್ರ' ಎಂಬ ತಂತ್ರಾಂಶವನ್ನೂ ಬಳಸುತ್ತಿದೆ.

ನೀವೇನು ಮಾಡಬಹುದು?

2023ರ ಮೇನಲ್ಲಿ ಶುರುವಾದ ಸರ್ಕಾರದ 'ಸಂಚಾರ್ ಸಾಥಿ' ಜಾಲತಾಣದಲ್ಲಿ ನಿಮ್ಮ ನಂಬರ್ ಮತ್ತು ಒಟಿಪಿ ಹಾಕಿದರೆ ನಿಮ್ಮ ಹೆಸರಿನಲ್ಲಿರುವ ನಂಬರುಗಳು ಕಾಣುತ್ತವೆ. ಪರಿಚಯವಿಲ್ಲದ್ದಿದ್ದರೆ "ನನ್ನ ನಂಬರ್ ಅಲ್ಲ" ಎಂದು ಅಲ್ಲೇ ದೂರು ಕೊಡಬಹುದು. ಆ ಸಿಮ್‌ನಿಂದ ಯಾರಾದರೂ ಮೋಸ ಮಾಡಿದರೆ ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ನಿಮ್ಮನ್ನೇ. ಒಟಿಪಿಯನ್ನು ಫೋನ್ ಮಾಡಿ ಕೇಳಿದವರಿಗೆ ಹೇಳಬೇಡಿ.

ತೀರ್ಮಾನ: ಶುಲ್ಕದ ಸಂದೇಶ ಸುಳ್ಳು, 9ರ ಮಿತಿ ನಿಜ. ಫಾರ್ವರ್ಡ್ ಮಾಡುವ ಮೊದಲು ನಿಮ್ಮ ಸಿಮ್‌ಗಳನ್ನು ಒಮ್ಮೆ ಎಣಿಸಿಕೊಳ್ಳಿ.