ಓಡುವ ಮಕ್ಕಳ ಮಂಡಿಯ ರಕ್ಷಣೆ



ನಮ್ಮ ಹಳ್ಳಿಗಳ ಹುಡುಗರೂ ಹುಡುಗಿಯರೂ ಶಾಲಾ ಕ್ರೀಡಾಕೂಟಗಳಲ್ಲಿ ಓಡುತ್ತಾರೆ, ಕಬಡ್ಡಿ, ಖೋಖೋ ಆಡುತ್ತಾರೆ. ಸೈನ್ಯಕ್ಕೂ ಪೊಲೀಸ್ ಕೆಲಸಕ್ಕೂ ಸೇರಬಯಸುವ ಯುವಕರು 1,600 ಮೀಟರ್ ಓಟದ ಅಭ್ಯಾಸ ಮಾಡುತ್ತಾರೆ. ಇದು ಸಂತೋಷದ ವಿಷಯ. ಆದರೆ ಮಗು ಮಂಡಿನೋವೆಂದಾಗ "ಓಡಿದರೆ ತಾನೇ ಸರಿಹೋಗುತ್ತದೆ" ಎನ್ನುವುದು ತಪ್ಪು. ಎಳೆಯ ಹೋರಿಗೆ ತುಂಬಿದ ಗಾಡಿ ಹೂಡುವ ರೈತನಿಲ್ಲ. ಬೆಳೆಯುವ ಮಂಡಿಗೂ ಅದೇ ನ್ಯಾಯ.

ನೋವು ಏಕೆ ಬರುತ್ತದೆ?

ತೊಡೆಯ ಮುಂಭಾಗದ ಸ್ನಾಯು ಮಂಡಿಚಿಪ್ಪಿನ ಮೇಲೆ ಹಾದು ಕೆಳಗಿನ ಕಾಲಿನ ಮೂಳೆಗೆ ಅಂಟಿಕೊಂಡಿದೆ. ಸುಮಾರು 10ರಿಂದ 15 ವರ್ಷದವರೆಗೆ ಆ ಜಾಗ ಇನ್ನೂ ಗಟ್ಟಿಯಾಗಿರುವುದಿಲ್ಲ. ಓಟ, ಜಿಗಿತ ಅತಿಯಾದರೆ ಸ್ನಾಯು ಅಲ್ಲಿ ಮತ್ತೆ ಮತ್ತೆ ಜಗ್ಗಿ, ಚಿಪ್ಪಿನ ಕೆಳಗೆ ಗಂಟಿನಂತೆ ಊದಿ ನೋಯುತ್ತದೆ. 1903ರಲ್ಲಿ ಇದನ್ನು ವಿವರಿಸಿದ ಇಬ್ಬರು ವೈದ್ಯರ ಹೆಸರಿನಿಂದ ಇದಕ್ಕೆ ಆಸ್‌ಗುಡ್–ಶ್ಲಾಟರ್ ಎಂದು ಹೆಸರು. ಬೆಳವಣಿಗೆ ಮುಗಿದ ಮೇಲೆ ಸಾಮಾನ್ಯವಾಗಿ ಇದು ಶಮನವಾಗುತ್ತದೆ.

ಏನು ಮಾಡಬೇಕು?

ನೋವು ತಗ್ಗುವವರೆಗೆ ಓಟ, ಜಿಗಿತಗಳನ್ನು ಕಡಿಮೆ ಮಾಡಿಸಿರಿ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 10–15 ನಿಮಿಷ ಇಡಿರಿ. ನೋವಿಲ್ಲದಷ್ಟು ಮಟ್ಟಿಗೆ ತೊಡೆಯ ಸ್ನಾಯುಗಳನ್ನು ನಿಧಾನವಾಗಿ ಚಾಚಿಸಿರಿ.

ತಡಮಾಡಬಾರದ ಗುರುತುಗಳು

1. ತಿರುಗುವಾಗ ಅಥವಾ ನೆಗೆದು ಇಳಿಯುವಾಗ ಮಂಡಿಯಲ್ಲಿ "ಟಪ್" ಎಂದ ಹಾಗಾಗಿ, ಕೆಲವೇ ಗಂಟೆಗಳಲ್ಲಿ ಊದಿಕೊಳ್ಳುವುದು. ಒಳಗಿನ ಕಟ್ಟು ಹರಿದಿರಬಹುದು.
2. ನಡೆಯುವಾಗ ಮಂಡಿ ಸಡಿಲವಾಗಿ ಕುಸಿಯುವುದು, ಅಥವಾ ಮಡಿಸಲು, ಚಾಚಲು ಆಗದಿರುವುದು.
3. ಕುಂಟುವುದು, ಜ್ವರ, ರಾತ್ರಿ ಮಲಗಿದಾಗಲೂ ನೋವು. ಸೊಂಟದ ಕೀಲಿನ ದೋಷದಿಂದಲೂ ಮಕ್ಕಳ ಮಂಡಿ ನೋಯುವುದುಂಟು.

ಇಂಥ ಕಾಲನ್ನು ಎಳೆಸಬೇಡಿರಿ, ತಿಕ್ಕಿಸಬೇಡಿರಿ. ಅದರ ಮೇಲೆ ಭಾರ ಹಾಕಿಸದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ.

ಬರದಂತೆ ತಡೆಯುವ ಬಗೆ

ಆಟಕ್ಕೆ ಮೊದಲು ಸುಮಾರು 20 ನಿಮಿಷ ಮೈ ಬಿಸಿಮಾಡಿಕೊಳ್ಳಬೇಕು: ನಿಧಾನ ಓಟ, ಅರ್ಧ ಬಸ್ಕಿ, ಒಂಟಿಕಾಲಲ್ಲಿ ನಿಲ್ಲುವುದು, ಮಂಡಿ ಒಳಕ್ಕೆ ವಾಲದಂತೆ ಮೃದುವಾಗಿ ನೆಗೆದು ಇಳಿಯುವುದು. ನಾರ್ವೆ ದೇಶದಲ್ಲಿ ಫುಟ್‌ಬಾಲ್ ಆಡುವ 13ರಿಂದ 17 ವರ್ಷದ 1,800ಕ್ಕೂ ಹೆಚ್ಚು ಹುಡುಗಿಯರಲ್ಲಿ ಇಂಥ ಅಭ್ಯಾಸವನ್ನು ಪರೀಕ್ಷಿಸಿ 2008ರಲ್ಲಿ ಫಲವನ್ನು ಪ್ರಕಟಿಸಿದರು. ಅಭ್ಯಾಸ ಮಾಡಿದವರಲ್ಲಿ ತೀವ್ರವಾದ ಪೆಟ್ಟುಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದವು. ತಿರುಗಿ ನೆಗೆಯುವ ಆಟಗಳಲ್ಲಿ ಹುಡುಗಿಯರ ಮಂಡಿಯ ಕಟ್ಟು ಹರಿಯುವುದು ಹೆಚ್ಚು. ಆದುದರಿಂದ ಅವರಿಗೆ ಇದು ಇನ್ನೂ ಅಗತ್ಯ.

ಓಟದ ದೂರವನ್ನು ವಾರವಾರಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು. ವಾರಕ್ಕೆ ಒಂದೆರಡು ದಿನ ವಿಶ್ರಾಂತಿ ಕೊಡಬೇಕು. ಭರ್ತಿಯ ದಿನ ಹತ್ತಿರ ಬಂದಾಗ ಒಮ್ಮೆಲೇ ಓಟ ಹೆಚ್ಚಿಸುವುದು ಅಪಾಯ. ಕಬಡ್ಡಿಯ ಅಂಕಣದ ಕಲ್ಲು ಆರಿಸಿ, ಮಣ್ಣು ಸಡಿಲಿಸಿ ಸಮಮಾಡಿರಿ.

ಇದಕ್ಕೆ ಹಣ ಬೇಕಿಲ್ಲ. ಮುಂದಿನ ಕ್ರೀಡಾಕೂಟಕ್ಕೆ ಮೊದಲೇ ನಿಮ್ಮ ಊರಿನ ಶಾಲೆಯ ದೈಹಿಕ ಶಿಕ್ಷಕರೊಡನೆ ಕುಳಿತು ಈ ಅಭ್ಯಾಸವನ್ನು ಏರ್ಪಡಿಸಿರಿ.