ದುರ್ಗದ ಬೆಟ್ಟದ ಬುಡದಲ್ಲೂ ಕಿಲ್ಲಾರಿಯ ಗೋಡೆ!

ಹುಲಿಯೂರುದುರ್ಗ: ಕುಣಿಗಲ್–ಮದ್ದೂರು ಬಸ್ಸಿನಲ್ಲಿ ಕೂತು ಭೂಕಂಪದ ಮಾತೆತ್ತಿ ನೋಡಿ, ಪಕ್ಕದವರು ನಗುತ್ತಾರೆ. ಬೋರಲು ಹಾಕಿದ ಮಡಕೆಯಂತೆ ಕೂತಿರುವ ದುರ್ಗದ ಬಂಡೆ ಬೆಟ್ಟದ ಕಡೆ ಕೈ ತೋರಿಸಿ, "ಇದು ಅಲ್ಲಾಡೋದುಂಟಾ ಸ್ವಾಮಿ?" ಅಂತಾರೆ. ಮಾತು ಪೂರಾ ಸುಳ್ಳೂ ಅಲ್ಲ. 2002ರ ಸರ್ಕಾರಿ ಭೂಕಂಪ ನಕ್ಷೆಯಲ್ಲಿ ತುಮಕೂರು ಸೀಮೆ ಬಿದ್ದದ್ದು ಎರಡನೇ ವಲಯಕ್ಕೆ. ಆ ನಕ್ಷೆಯಲ್ಲಿ ಅದಕ್ಕಿಂತ ಕಡಿಮೆ ಅಪಾಯದ ವಲಯವೇ ಇರಲಿಲ್ಲ.

ಇದೇ ನಂಬಿಕೆಯಲ್ಲಿ ನಿದ್ದೆ ಮಾಡಿದ ಇನ್ನೊಂದು ಊರಿತ್ತು. ಹೆಸರು ಕಿಲ್ಲಾರಿ.

ನಮ್ಮ ಆಳಂದ, ಬಸವಕಲ್ಯಾಣದ ಗಡಿ ದಾಟಿದರೆ ಮಹಾರಾಷ್ಟ್ರದ ಲಾತೂರು, ಉಸ್ಮಾನಾಬಾದ್ ಸೀಮೆ. (ಉಸ್ಮಾನಾಬಾದಿಗೆ ಈಗ ಧಾರಾಶಿವ ಎಂದು ಹೆಸರು.) ಅಲ್ಲೂ ಕಾಲ ಕೆಳಗೆ ಗಟ್ಟಿ ಕಪ್ಪು ಶಿಲೆ. ಆಗಿನ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಒಂದನೇ ವಲಯದಲ್ಲಿ, ಅಂದರೆ ಭಯವೇ ಬೇಡ ಎಂಬಂಥ ಜಾಗದಲ್ಲಿ! 1992ರ ಮಳೆಗಾಲ ಕಳೆಯುವ ಹೊತ್ತಿಗೆ ಸಣ್ಣಪುಟ್ಟ ನಡುಕ ಬಂತು, ಜನ ಹೆದರಿದರು, ಆಮೇಲೆ ಮರೆತರು. 1993ರ ಸೆಪ್ಟೆಂಬರ್ ಕೊನೆಗೆ ಗಣಪತಿ ಬಿಟ್ಟು ಬಂದು ದಣಿದು ಮಲಗಿದ್ದರು. 30ನೇ ತಾರೀಖು ಬೆಳಗಿನ ಜಾವ 4 ಗಂಟೆ ಹೊಡೆಯಲು ಇನ್ನೂ ನಾಲ್ಕು ನಿಮಿಷ. ಆಗ ಭೂಮಿ ನಡುಗಿತು. ಅಳತೆ 6.2.

ಸತ್ತವರು ಎಂಟು ಸಾವಿರ ಎಂದು ಕೆಲವರ ಲೆಕ್ಕ, ಹತ್ತು ಸಾವಿರ ಎಂದು ಕೆಲವರದು.

ಅಷ್ಟು ಜನ ಸಾಯುವ ಭೂಕಂಪವೇ ಅದು? ಪ್ರಪಂಚದಲ್ಲಿ ಅದಕ್ಕಿಂತ ದೊಡ್ಡವು ಬಂದು ಬೆರಳೆಣಿಕೆ ಸಾವಿನಲ್ಲಿ ಮುಗಿದಿವೆ. ಇಲ್ಲಿ ಜನರನ್ನು ಕೊಂದದ್ದು ಅವರವರ ಮನೆ ಗೋಡೆ. ಎರಡು ಮೂರು ಅಡಿ ದಪ್ಪದ ಕಲ್ಲುಗೋಡೆ, ನಡುವೆ ಬರೀ ಮಣ್ಣು. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು, ಮಧ್ಯೆ ಚೂರುಕಲ್ಲು ತುಂಬಿ ಮುಗಿಸಿದ್ದರು. ಎರಡೂ ಸಾಲನ್ನು ಹಿಡಿದಿಡುವ ಉದ್ದ ಕಲ್ಲು ಮಾತ್ರ ಇರಲಿಲ್ಲ. ಮೇಲೆ ಬಿಸಿಲು ತಡೆಯಲೆಂದು ವರ್ಷಾ ವರ್ಷ ಮಣ್ಣು ಹೇರಿದ ಮಾಳಿಗೆ. ನೆಲ ಅಲ್ಲಾಡಿದ್ದೇ ತಡ, ಎರಡು ಸಾಲೂ ಉಬ್ಬಿ ಒಂದು ಒಳಕ್ಕೆ, ಒಂದು ಹೊರಕ್ಕೆ ಬಿತ್ತು. ಗಲ್ಲಿಗಳು ಕಿರಿದು, ಓಡಿ ಬಂದವರಿಗೂ ಜಾಗವಿಲ್ಲ. ಕಲ್ಲು ತರಲಾಗದ ಬಡವರ ಹುಲ್ಲು ಗುಡಿಸಲು ಎಷ್ಟೋ ಕಡೆ ಹಾಗೇ ನಿಂತಿತ್ತು. ಒಳಗೆ ಮರದ ಕಂಬ, ತೊಲೆ ಇದ್ದ ಮನೆಗಳಲ್ಲಿ ಗೋಡೆ ಬಿದ್ದರೂ ಕೆಲವು ಕಡೆ ಕಂಬ ನಿಂತು ಸೂರು ಹಿಡಿಯಿತು.

ಆಮೇಲೆ ಕಟ್ಟುವ ಕೆಲಸ. ವಿಶ್ವಬ್ಯಾಂಕಿನ ಸಾಲ ಬಂತು. 52 ಹಳ್ಳಿಗಳನ್ನು ಎತ್ತಿ ಬೇರೆ ಕಡೆ ಇಟ್ಟರು. ಜಮೀನಿಲ್ಲದವರಿಗೆ, ತುಂಡು ಜಮೀನಿನವರಿಗೆ 250 ಚದರಡಿ ಮನೆ, ಮಧ್ಯಮದವರಿಗೆ 400, ದೊಡ್ಡ ಹಿಡುವಳಿಯವರಿಗೆ 750. ಭೂಕಂಪ ಎಲ್ಲರನ್ನೂ ಒಂದೇ ಮಾಡಿತ್ತು, ಸರ್ಕಾರ ಪುನಃ ಪಹಣಿ ನೋಡಿ ಬೇರೆ ಮಾಡಿತು ಅಂದರೆ ತಪ್ಪೇನು? ಹೊಸ ಊರುಗಳಿಗೆ ಪಟ್ಟಣದ ಬಡಾವಣೆಯ ಹಾಗೆ ಅಗಲ ರಸ್ತೆ, ಸಾಲು ಮನೆ. ಆದರೆ ದನ ಕಟ್ಟುವುದೆಲ್ಲಿ? ಹೊಲಕ್ಕೆ ನಡೆಯುವುದೆಷ್ಟು? ಪಕ್ಕದ ಮನೆಯವರು ಯಾವ ಸಾಲಿಗೆ ಹೋದರೋ!

ಸದ್ದಿಲ್ಲದೆ ನಡೆದ ಇನ್ನೊಂದು ಕೆಲಸ ಇದಕ್ಕಿಂತ ಮೇಲು. ಬಿರುಕು ಬಿಟ್ಟರೂ ಬೀಳದೆ ಉಳಿದ ಲಕ್ಷಾಂತರ ಮನೆಗಳನ್ನು ಇದ್ದಲ್ಲೇ ರಿಪೇರಿ ಮಾಡಿಸುವುದು. ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಹೆಂಗಸರನ್ನೇ 'ಸಂವಾದ ಸಹಾಯಕ'ರನ್ನಾಗಿ ನೇಮಿಸಿದರು. ಹಿಂದೆ ನಿಂತು ನಡೆಸಿದ್ದು ಪ್ರೇಮಾ ಗೋಪಾಲನ್ ಅವರ ಸ್ವಯಂ ಶಿಕ್ಷಣ ಪ್ರಯೋಗ ಸಂಸ್ಥೆ. ಮನೆ ಮನೆಗೆ ಹೋಗಿ ದುಡ್ಡು ಎಷ್ಟು ಬರುತ್ತೆ, ಕಬ್ಬಿಣ ಎಲ್ಲಿ ಹಾಕಬೇಕು ಅಂತ ತಿಳಿಹೇಳುವುದು ಇವರ ಕೆಲಸ. ಮಾಳಿಗೆಯ ಮಣ್ಣು ಇಳಿಸಿದರು. ಗೋಡೆಗೆ ತೂತು ಕೊರೆದು, ಕಂಬಿ ಕೂರಿಸಿ, ಕಾಂಕ್ರೀಟ್ ತುಂಬಿ ಎರಡು ಸಾಲನ್ನೂ ಬೆಸೆದರು. ಸುತ್ತ ಸಿಮೆಂಟಿನ ಪಟ್ಟಿ ಕಟ್ಟಿದರು. 2001ರಲ್ಲಿ ಗುಜರಾತಿನ ಕಛ್ ನಡುಗಿದಾಗ ಲಾತೂರು ಕಡೆಯ ಈ ಹೆಂಗಸರೇ ಅಲ್ಲಿಗೆ ಹೋಗಿ, ಅಲ್ಲಿಯ ಹೆಂಗಸರ ಜೊತೆ ಕೂತು ತಮ್ಮ ಅನುಭವ ಹೇಳಿದರು.

ಕಿಲ್ಲಾರಿ ಮಹಾರಾಷ್ಟ್ರದ್ದು, ನಮಗೇಕೆ ಅನ್ನುವವರು 2021ರ ಅಕ್ಟೋಬರ್ ನೆನೆಯಲಿ. ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ 11ನೇ ತಾರೀಖು ರಾತ್ರಿ 4.1ರ ಕಂಪನ. ನೆಲದೊಳಗಿಂದ ಗುಡುಗಿನ ಸದ್ದು. ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದರು. ಎಷ್ಟೋ ಮಂದಿ ಗಂಟುಮೂಟೆ ಕಟ್ಟಿ ಊರೇ ಬಿಟ್ಟರು.

ಹುಲಿಯೂರುದುರ್ಗ ಹೋಬಳಿಗೆ ನಾಳೆಯೇ ಹಾಗಾಗುತ್ತೆ ಅಂತ ಯಾರೂ ಹೇಳಿಲ್ಲ. ಹೇಳಲೂ ಆಗದು, ಯಾವಾಗ ಎಲ್ಲಿ ಅಂತ ಮುಂಚೆ ತಿಳಿಸುವ ಯಂತ್ರ ಇನ್ನೂ ಹುಟ್ಟಿಲ್ಲ. ಆದರೆ ಮಣ್ಣಲ್ಲಿ ಕಟ್ಟಿದ ಕಲ್ಲುಗೋಡೆ ಬೀಳೋಕೆ ಭೂಕಂಪವೇ ಬೇಕಾಗಿಲ್ಲ. ಜಡಿಮಳೆ ನಾಲ್ಕು ದಿನ ಹಿಡಿದರೆ ಸಾಕು, ಗೋಡೆ ಕುಸಿದ ಸುದ್ದಿ ಪ್ರತಿ ಮಳೆಗಾಲ ಈ ಜಿಲ್ಲೆಯಲ್ಲಿ ಇದ್ದದ್ದೇ. ಹೊಟ್ಟೆ ಬಂದಂತೆ ಉಬ್ಬಿದ ಗೋಡೆಗೆ ಹಬ್ಬಕ್ಕೆ ಸುಣ್ಣ ಬಳಿದರೆ ಉಬ್ಬು ಇಳಿಯುತ್ತದೆಯೇ? ಅಂಥ ಗೋಡೆಗೆ ಅಟ್ಟ ಹೊಡೆದು ಮೂಟೆ ಪೇರಿಸಿರುವ ಅಂಗಡಿಯವರು ಒಮ್ಮೆ ತಲೆ ಎತ್ತಿ ನೋಡಿಕೊಳ್ಳಲಿ.

ಹೊಸದಾಗಿ ಕಲ್ಲುಗೋಡೆ ಕಟ್ಟಿಸುವವರು ಗಾರೆ ಕೆಲಸದವರಿಗೆ ಹೇಳಬೇಕಾದ್ದು ಇಷ್ಟೇ: ಗೋಡೆಯ ಈ ಮುಖದಿಂದ ಆ ಮುಖಕ್ಕೆ ಹಾಯುವ ಉದ್ದ ಕಲ್ಲು ಎರಡಡಿ ಎತ್ತರಕ್ಕೊಂದು ಸಾಲು, ನಾಲ್ಕಡಿ ದೂರಕ್ಕೊಂದು. ಬಾಗಿಲ ಮೇಲೆ ಮನೆ ಸುತ್ತ ತುಂಡಾಗದ ಕಾಂಕ್ರೀಟ್ ಪಟ್ಟಿ. ಕಲ್ಲಿಗೆ ಈ ದುರ್ಗದಲ್ಲಿ ಬರವೇ?