ಓಡೋರ ಲೆಕ್ಕ, ಎಡವೋರ ಲೆಕ್ಕ

ಆ ಹುಡುಗ ಬೇಕಂತಲೇ ಸಿಕ್ಕಿಬಿದ್ದ. ಇದು ನನ್ನ ತಲೆಗೆ ಹೋಗಲು ಅರ್ಧ ನಿಮಿಷ ಹಿಡಿಯಿತು. ಎದುರು ತಂಡದ ಹುಡುಗರಿಗೆ ಇನ್ನೂ ಹೆಚ್ಚು ಹಿಡಿಯಿತು, ಅಷ್ಟರಲ್ಲಿ ರನ್ ಹೋಗಿತ್ತು.

ಟೊರಾಂಟೊದ ಬ್ಲೂರ್ ರಸ್ತೆಯಲ್ಲಿ ಸಬ್‌ವೇಯಿಂದ ಮೇಲೆ ಬಂದರೆ ಎದುರಿಗೇ ಕ್ರಿಸ್ಟಿ ಪಿಟ್ಸ್ ಪಾರ್ಕು. ಒಂದು ಕಾಲದಲ್ಲಿ ಮರಳು, ಜಲ್ಲಿ ತೆಗೆಯುತ್ತಿದ್ದ ಗುಂಡಿ ಅದು. ಹಾಗಾಗಿ ಮೈದಾನ ರಸ್ತೆಗಿಂತ ಕೆಳಗೆ, ಸುತ್ತ ಹುಲ್ಲಿನ ಇಳಿಜಾರು. ಮೇಪಲ್ ಲೀಫ್ಸ್ ಎಂಬ ಬೇಸ್‌ಬಾಲ್ ಕ್ಲಬ್ಬು 1969ರಿಂದ ಇಲ್ಲಿ ಆಡಿಕೊಂಡು ಬಂದಿದೆ. ಟಿಕೆಟ್ಟಿನ ಗೊಡವೆಯಿಲ್ಲದೆ ಆ ಇಳಿಜಾರಿನಲ್ಲಿ ಕಾಲು ಚಾಚಿ ಕೂತು ಅವರ ಆಟ ನೋಡುವುದು ಊರಿನ ಹಳೇ ರೂಢಿ. 1933ರ ಆಗಸ್ಟ್ 16ರಂದು, ಒಂದು ಬೇಸ್‌ಬಾಲ್ ಪಂದ್ಯ ಮುಗಿದ ಮೇಲೆ, ಸ್ವಸ್ತಿಕದ ಬಾವುಟ ಬಿಚ್ಚಿ ಯಹೂದಿಗಳನ್ನು ಕೆಣಕಿದ್ದಕ್ಕೆ ದೊಡ್ಡ ಗಲಭೆಯಾದದ್ದೂ ಇದೇ ಗುಂಡಿಯಲ್ಲಿ. ಈಗ ಅಲ್ಲಿ ಮಕ್ಕಳು ಐಸ್‌ಕ್ರೀಮ್ ತಿನ್ನುತ್ತಿರುತ್ತಾರೆ.

ಮಿಸಿಸಾಗದ ಚಿಕ್ಕಪ್ಪನ ಮಗನ ಮನೆಯಿಂದ ಲೀಫ್ಸ್ ಆಟ ನೋಡಲೆಂದೇ ಹೊರಟವನು ನಾನು. ಆದರೆ ಪಕ್ಕದ ಸಣ್ಣ ಮೈದಾನದಲ್ಲಿ ಹನ್ನೆರಡು ಹದಿಮೂರು ವರ್ಷದ ಹುಡುಗರ ಪಂದ್ಯ ನಡೆಯುತ್ತಿತ್ತು. ಐದು ನಿಮಿಷ ನೋಡಿ ಮುಂದೆ ಹೋಗೋಣವೆಂದು ನಿಂತವನು ಕೂತೆ.

ಮೂರನೇ ಬೇಸ್‌ನಲ್ಲಿ ಒಬ್ಬ, ಮೊದಲ ಬೇಸ್‌ನಲ್ಲಿ ಒಬ್ಬ. ಎರಡು ಔಟ್ ಆಗಿವೆ. ಪಿಚರ್ ಚೆಂಡೆಸೆದದ್ದೇ ತಡ, ಮೊದಲ ಬೇಸ್‌ನ ಹುಡುಗ ಎರಡನೆಯದರ ಕಡೆ ಓಡಿದ. ಓಡಿದವನು ನಡುದಾರಿಯಲ್ಲಿ ಗಕ್ಕನೆ ನಿಂತ, ಏನನ್ನೋ ಮರೆತು ಬಂದವನ ಹಾಗೆ. ಕ್ಯಾಚರ್ ಚೆಂಡನ್ನು ಎರಡನೇ ಬೇಸ್‌ಗೆ ಎಸೆದ. ಅಲ್ಲಿಯವನು ಚೆಂಡು ಹಿಡಿದು ಇವನನ್ನು ಅಟ್ಟಿಸಿಕೊಂಡು ಬಂದ. ಇವನು ಹಿಂದಕ್ಕೆ ಓಡಿದ. ಚೆಂಡು ಮೊದಲ ಬೇಸ್‌ಗೆ ಹೋಯಿತು. ಇವನು ಮತ್ತೆ ತಿರುಗಿದ. ಎಲ್ಲರ ಕಣ್ಣೂ ಇವನ ಮೇಲೆ. ಆಗ ಮೂರನೇ ಬೇಸ್‌ನವನು ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ ಸರಿದು, ಒಮ್ಮೆಗೇ ಹೋಂ ಪ್ಲೇಟ್‌ಗೆ ಕಾಲ್ಕಿತ್ತ. ಕೋಚ್ ಗಂಟಲು ಹರಿಯುವಂತೆ ಕೂಗುತ್ತಿದ್ದಾನೆ, ಕೇಳುವವರಾರು? ಗೆಳೆಯ ಹೋಂ ಪ್ಲೇಟ್ ತುಳಿದದ್ದನ್ನು ಓರೆಗಣ್ಣಿನಲ್ಲಿ ನೋಡಿಕೊಂಡ ನಮ್ಮ ಹುಡುಗ ಓಟ ನಿಲ್ಲಿಸಿ, ಮುಟ್ಟಿಸಿಕೊಂಡು, ಔಟಾದ. ಮೂರನೇ ಔಟ್. ಆದರೆ ಅದಕ್ಕೆ ಮೊದಲೇ ರನ್ ಆಗಿತ್ತು.

ನಮ್ಮ ಕಡೆ ಕೆರೆಬಯಲಲ್ಲಿ ಟಿಟ್ಟಿಭ ಹಕ್ಕಿ ಹೀಗೆ ಮಾಡುತ್ತದೆ. ಮೊಟ್ಟೆಯ ಹತ್ತಿರ ನಾಯಿ ಸುಳಿದರೆ ರೆಕ್ಕೆ ಮುರಿದಂತೆ ಕುಂಟುತ್ತ ನಾಯಿಯನ್ನು ದೂರಕ್ಕೆ ಎಳೆದೊಯ್ಯುತ್ತದೆ. ಹಾಗಂತ ಹಕ್ಕಿ ಕೊನೆಗೆ ನಾಯಿಯ ಬಾಯಿಗೆ ಬೀಳುವುದಿಲ್ಲ. ಹುಡುಗ ಅದನ್ನೂ ಮಾಡಿದ.

ನನ್ನ ಪಕ್ಕ ಮಡಚುವ ಕುರ್ಚಿಯಲ್ಲಿ ಒಬ್ಬ ಕೊರಿಯನ್ ಅಜ್ಜ ಕೂತಿದ್ದರು. ಕೊರಿಯಾಟೌನ್ ಅಲ್ಲಿಂದ ನಾಲ್ಕು ಹೆಜ್ಜೆ. ತೊಡೆಯ ಮೇಲೆ ಸ್ಕೋರ್ ಪುಸ್ತಕ, ಕೈಯಲ್ಲಿ ಮೊಂಡು ಪೆನ್ಸಿಲ್. ಈ ಹುಡುಗನ ಸಾಲಿನಲ್ಲಿ ಏನು ಬರೆದಿರಿ ಎಂದು ಕೇಳಿದೆ. 'ಬೇಸ್ ಕದಿಯಲು ಹೋಗಿ ಸಿಕ್ಕಿಬಿದ್ದ' ಅಂದರು. ರನ್ ತಂದುಕೊಟ್ಟವನೇ ಅವನಲ್ಲವೇ ಅಂದೆ. ಭುಜ ಕುಣಿಸಿದರು. 'ಅದಕ್ಕೆ ಗುರುತಿಲ್ಲ.'

ಆ ಮಾತು ನನ್ನನ್ನು ಬಿಟ್ಟಿಲ್ಲ. ಬೇಸ್‌ಬಾಲ್‌ನವರ ಲೆಕ್ಕದ ಹುಚ್ಚು ಗೊತ್ತಿದ್ದದ್ದೇ. ದೊಡ್ಡ ಮೈದಾನಗಳ ಸ್ಕೋರ್‌ಬೋರ್ಡಿನಲ್ಲಿ ರನ್, ಹಿಟ್, ಅದರ ಪಕ್ಕ ಎರರ್ ಎಂದು ಮೂರನೇ ಕಾಲಂ ಇರುತ್ತದೆ. ಕೈಜಾರಿದ ಚೆಂಡು, ದಿಕ್ಕುತಪ್ಪಿದ ಎಸೆತ ಊರಿಗೆಲ್ಲ ಕಾಣಬೇಕು. ಕೈಚೆಲ್ಲಿದ ಕ್ಯಾಚನ್ನು ಸ್ಕೋರ್‌ಕಾರ್ಡಿನಿಂದ ಆಚೆಗಿಡುವ ನಮ್ಮ ಕ್ರಿಕೆಟ್ಟಿಗಿಂತ ಇದು ಪ್ರಾಮಾಣಿಕವೆಂದು ನಾನು ಬಹಳ ದಿನ ವಾದಿಸಿದ್ದೆ. ಆದರೆ ನಿಯಮದಲ್ಲೇ ಒಂದು ಕೊಕ್ಕೆ ಇದೆ: ಕೈ ಮಾಡಿದ ತಪ್ಪಿಗೆ ಎರರ್, ಬುದ್ಧಿ ಮಾಡಿದ ತಪ್ಪಿಗಿಲ್ಲ. ಮೈಮರೆತು ಬೇರೆ ಬೇಸ್‌ಗೆ ಎಸೆದವನ ಹೆಸರಿಗೆ ಏನೂ ಅಂಟುವುದಿಲ್ಲ. ಆ ಮರೆವನ್ನು ಹುಟ್ಟಿಸಿದವನಿಗೂ ಏನೂ ದಕ್ಕುವುದಿಲ್ಲ.

ಅಜ್ಜನ ಜೊತೆ ಮಾತು ಸಹಜವಾಗಿ 2015ರ ಅಕ್ಟೋಬರ್ 14ಕ್ಕೆ ಬಂತು. ಈ ಊರಿನಲ್ಲಿ ಬೇಸ್‌ಬಾಲ್ ಮಾತು ಎಲ್ಲಿಂದ ಶುರುವಾದರೂ ಅಲ್ಲಿ ಒಮ್ಮೆ ನಿಲ್ಲುತ್ತದೆ. ರೋಜರ್ಸ್ ಸೆಂಟರಿನಲ್ಲಿ ಟೆಕ್ಸಸ್ ರೇಂಜರ್ಸ್ ವಿರುದ್ಧ ಈ ಊರಿನ ಬ್ಲೂ ಜೇಸ್, ಸರಣಿಯ ಐದನೇ, ನಿರ್ಣಾಯಕ ಪಂದ್ಯ. ಜಗತ್ತಿಗೆ ನೆನಪಿರುವುದು ಹೋಸೆ ಬಟಿಸ್ಟಾ ಹೋಂ ರನ್ ಹೊಡೆದು ಬ್ಯಾಟನ್ನು ಗಾಳಿಗೆ ತೂರಿದ ಠೀವಿ. ನನಗೆ ಆ ಬ್ಯಾಟಿಗಿಂತ ಇನ್ನೊಂದು ಬ್ಯಾಟು ಮುಖ್ಯ.

ಏಳನೇ ಇನಿಂಗ್ಸ್, ಸ್ಕೋರ್ 2-2, ಎರಡು ಔಟ್. ಮೂರನೇ ಬೇಸ್‌ನಲ್ಲಿ ವೆನಿಜುವೆಲಾದ ರೂಗ್ನೆಡ್ ಓಡೋರ್. (ಕನ್ನಡಿಗರಿಗೆ ಈ ಹೆಸರು ಕೇಳಿ ನಗು ಬಂದರೆ ತಪ್ಪಲ್ಲ. ಓಡೋರು ಓಡದೆ ಇನ್ನೇನು ಮಾಡ್ತಾರೆ?) ಬ್ಯಾಟಿಂಗಿಗೆ ಕೊರಿಯಾದ ಶಿನ್-ಸೂ ಚೂ. ಎಸೆತ ಬಂತು, ಕ್ಯಾಚರ್ ರಸೆಲ್ ಮಾರ್ಟಿನ್ ಹಿಡಿದ. ಪಿಚರ್‌ಗೆ ಚೆಂಡು ಮರಳಿಸುವುದು ಪಂದ್ಯಕ್ಕೆ ನೂರಾರು ಸಲ ಮಾಡುವ ಕೆಲಸ. ಅದನ್ನು ಯಾರೂ ನೋಡುವುದೂ ಇಲ್ಲ. ಚೂ ತನ್ನ ಜಾಗದಲ್ಲೇ ನಿಂತು, ತೋಳು ಸರಿಮಾಡಿಕೊಳ್ಳುತ್ತ, ಬ್ಯಾಟನ್ನು ಮುಂದಕ್ಕೆ ಚಾಚಿದ್ದ. ಮಾರ್ಟಿನ್ ಎಸೆದ ಚೆಂಡು ಆ ಬ್ಯಾಟಿಗೆ ಟಕ್ಕೆಂದು ತಗುಲಿ ಮೂರನೇ ಬೇಸ್ ಗೆರೆಯ ಕಡೆ ಉರುಳಿತು. ಓಡೋರ್ ಯಾರನ್ನೂ ಕೇಳಲಿಲ್ಲ. ಓಡಿ ಬಂದು ಹೋಂ ಪ್ಲೇಟ್ ತುಳಿದ.

ಅಂಪೈರ್ ಡೇಲ್ ಸ್ಕಾಟ್ ಮೊದಲು ಡೆಡ್ ಬಾಲ್ ಎಂದು ಕೈಯೆತ್ತಿದರು. ಆಮೇಲೆ ಅಂಪೈರುಗಳೆಲ್ಲ ಗುಂಪುಗೂಡಿದರು. ಬ್ಯಾಟರ್ ತನ್ನ ಜಾಗದಲ್ಲೇ ಇದ್ದು, ಬೇಕಂತಲೇ ಅಡ್ಡ ಬರದಿದ್ದರೆ, ಕ್ಯಾಚರನ ಮರಳೆಸೆತ ಬ್ಯಾಟಿಗೆ ತಗುಲಿದರೂ ಚೆಂಡಿಗೆ ಜೀವ ಇರುತ್ತದೆ ಎನ್ನುತ್ತದೆ ನಿಯಮ. ರನ್ ಕೊಟ್ಟರು. ಮಾರ್ಟಿನ್ ಹೆಸರಿಗೆ ಎರರ್. ಪ್ರೇಕ್ಷಕರು ಬಿಯರ್ ಡಬ್ಬಿಗಳನ್ನು ಮೈದಾನಕ್ಕೆ ಎಸೆದರು. ಕಾಲು ಗಂಟೆಗೂ ಮೀರಿ ಆಟ ನಿಂತಿತು. ಈ ಮಾರ್ಟಿನ್ ಹೊರಗಿನವನಲ್ಲ, ಟೊರಾಂಟೊದ ಈಸ್ಟ್ ಯಾರ್ಕಿನಲ್ಲೇ ಹುಟ್ಟಿದವನು.

'ಚೂ ಏನೂ ಮಾಡಲಿಲ್ಲ' ಅಂದರು ಅಜ್ಜ, ಸ್ವಂತ ಮಗನ ಪರ ಸಾಕ್ಷಿ ಹೇಳುವವರ ಹಾಗೆ.

ನನಗೆ ಮಾರ್ಟಿನ್ ಗಪ್ಟಿಲ್ ನೆನಪಾದ. 2019ರ ಜುಲೈ 14, ಲಾರ್ಡ್ಸ್, ವಿಶ್ವಕಪ್ ಫೈನಲ್: ಅವನೆಸೆದ ಚೆಂಡು ಡೈವ್ ಮಾಡಿದ ಬೆನ್ ಸ್ಟೋಕ್ಸ್ ಬ್ಯಾಟಿಗೆ ಬಡಿದು ಬೌಂಡರಿಗೆ ಹೋದದ್ದನ್ನು ಯಾರು ಮರೆತಾರು? ಸ್ಟೋಕ್ಸ್ ಎರಡೂ ಕೈಯೆತ್ತಿ ಕ್ಷಮೆ ಕೇಳಿದ. ನಮ್ಮಲ್ಲಿ ಹಾಗೆ ಚೆಂಡು ತಗುಲಿ ಸಿಡಿದರೆ ಮತ್ತೆ ಓಡುವುದು ಸಭ್ಯತೆಯಲ್ಲ. ಓಡೋರ್‌ಗೆ ಆ ಸಂಕೋಚವಿಲ್ಲ, ಇರಬೇಕಾಗಿಯೂ ಇಲ್ಲ. ಅಲ್ಲಿ ಓಡದಿದ್ದರೆ ಕೋಚ್ ಕಿವಿ ಹಿಂಡುತ್ತಿದ್ದ. ನಿಜ ಹೇಳಬೇಕೆಂದರೆ ನನಗೆ ಓಡೋರ್ ದಾರಿಯೇ ಇಷ್ಟ. ಕ್ಷಮೆ ಕೇಳಿಯೂ ಆರು ರನ್ ಜೇಬಿಗಿಳಿಸುವುದರಲ್ಲಿ ಅದೇನು ಸಜ್ಜನಿಕೆಯೋ!

ಗಪ್ಟಿಲ್ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ನಾಲ್ಕು ದಿನ ಮೊದಲು ಸೆಮಿಫೈನಲ್‌ನಲ್ಲಿ ನೇರ ಎಸೆತದಿಂದ ಧೋನಿಯನ್ನು ರನೌಟ್ ಮಾಡಿ ನಮ್ಮ ಮನೆಗಳಲ್ಲಿ ಟಿವಿ ಆರಿಸಿದವನೂ ಅವನೇ. ಫೈನಲ್‌ನ ಸೂಪರ್ ಓವರಿನ ಕೊನೆಯ ಚೆಂಡಿಗೆ ಎರಡನೇ ರನ್ನಿಗೆ ಓಡಿ ರನೌಟಾದವನೂ ಅವನೇ. ಓಟ ಮತ್ತು ಎಸೆತ ಒಬ್ಬನನ್ನೇ ಹಿಡಿದುಕೊಂಡು ಕಾಡುವುದುಂಟು.

ಓಡೋರ್‌ಗೂ ಅದೇ ಆಯಿತು. ಅದೇ ರಾತ್ರಿ, ಅದೇ ಏಳನೇ ಇನಿಂಗ್ಸಿನ ಕೆಳಭಾಗದಲ್ಲಿ, ರೇಂಜರ್ಸ್ ಸಾಲಾಗಿ ಮೂರು ಎರರ್ ಮಾಡಿದರು: ಎಲ್ವಿಸ್ ಆಂಡ್ರಸ್, ಮಿಚ್ ಮೋರ್ಲ್ಯಾಂಡ್, ಮತ್ತೆ ಆಂಡ್ರಸ್. ಮೊದಲನೆಯದು ಮಾರ್ಟಿನ್ ಹೊಡೆದ ಚೆಂಡಿನಿಂದಲೇ. ಆಮೇಲೆ ಜಾಶ್ ಡೊನಾಲ್ಡ್‌ಸನ್ ಹೊಡೆದ ಬಡಕಲು ಚೆಂಡು, ಹಿಂದಕ್ಕೆ ಹಾರಿದ ಓಡೋರ್ ಕೈಗೆ ಸಿಗದೆ ಬಿತ್ತು, ಸ್ಕೋರ್ ಸಮವಾಯಿತು. ಬಟಿಸ್ಟಾ ಬ್ಯಾಟು ಹಾರಿದ್ದು ಅದರ ಬೆನ್ನಿಗೆ. 6-3.

ಮರುವರ್ಷ ಮೇ 15ರಂದು ಟೆಕ್ಸಸ್‌ನಲ್ಲಿ ಬಟಿಸ್ಟಾ ಎರಡನೇ ಬೇಸ್‌ಗೆ ಒರಟಾಗಿ ಜಾರಿ ಬಂದಾಗ ಓಡೋರ್ ಅವನ ದವಡೆಗೆ ಗುದ್ದಿದ. ಆ ಫೋಟೊ ಎಲ್ಲರೂ ನೋಡಿದ್ದಾರೆ, ಬಿಡಿ. ಅಕ್ಟೋಬರ್ 9, 2016, ಮತ್ತೆ ಟೊರಾಂಟೊ, ಹತ್ತನೇ ಇನಿಂಗ್ಸ್, 6-6. ಡೊನಾಲ್ಡ್‌ಸನ್ ಎರಡನೇ ಬೇಸ್‌ನಲ್ಲಿ, ಎಡ್ವಿನ್ ಎನ್ಕಾರ್ನಸಿಯಾನ್ ಮೊದಲನೆಯದರಲ್ಲಿ. ಬ್ಯಾಟಿಂಗಿಗೆ ಯಾರು? ಮಾರ್ಟಿನ್. ನೆಲದ ಮೇಲೆ ಹೊಡೆದ. ಆಂಡ್ರಸ್ ಹಿಡಿದು ಓಡೋರ್‌ಗೆ ಕೊಟ್ಟ, ಒಂದು ಔಟ್. ಇನ್ನೊಂದು ಔಟ್‌ಗಾಗಿ ಓಡೋರ್ ಮೊದಲ ಬೇಸ್‌ಗೆ ಎಸೆದದ್ದು ಅಡ್ಡಾದಿಡ್ಡಿ ಹೋಯಿತು. ಇಷ್ಟಾದರೂ ರನ್ ತಾನಾಗಿ ಆಗುತ್ತಿರಲಿಲ್ಲ. ಮೂರನೇ ಬೇಸ್ ತಲುಪಿದ ಡೊನಾಲ್ಡ್‌ಸನ್ ಚೆಂಡು ಹಾದಿ ತಪ್ಪಿದ್ದನ್ನು ಕಂಡವನೇ ನಿಲ್ಲದೆ ಓಡಿ, ಮುಂದಕ್ಕೆ ಹಾರಿ, ಕೈಯಿಂದ ಹೋಂ ಪ್ಲೇಟ್ ಮುಟ್ಟಿದ. ಸರಣಿ ಮುಗಿಯಿತು. ಪುಸ್ತಕದಲ್ಲಿ ಓಡೋರ್‌ಗೆ ಎರರ್. ಡೊನಾಲ್ಡ್‌ಸನ್‌ಗೆ ಎಲ್ಲರಿಗೂ ಹಾಕುವಂಥದೇ ಒಂದು ರನ್.

ಓಟದ ಪೆದ್ದುತನಗಳೂ ಈ ಊರಿಗೆ ಹೊಸದಲ್ಲ. 1992ರ ವರ್ಲ್ಡ್ ಸೀರೀಸ್ ಮೂರನೇ ಪಂದ್ಯದಲ್ಲಿ ಡೆವನ್ ವೈಟ್ ಗೋಡೆಗೆ ಡಿಕ್ಕಿ ಹೊಡೆದು ಕ್ಯಾಚ್ ಹಿಡಿದಾಗ, ಅಟ್ಲಾಂಟಾದ ಟೆರಿ ಪೆಂಡಲ್‌ಟನ್ ತನ್ನ ಮುಂದಿದ್ದ ಡಿಯೋನ್ ಸ್ಯಾಂಡರ್ಸ್‌ನನ್ನೇ ದಾಟಿ ಓಡಿ ಔಟಾದ. ಕೆಲ್ಲಿ ಗ್ರೂಬರ್ ಸ್ಯಾಂಡರ್ಸ್‌ನ ಬೆನ್ನಟ್ಟಿ ಹಾರಿ ಹಿಮ್ಮಡಿ ಮುಟ್ಟಿದ್ದ. ರೀಪ್ಲೇಯಲ್ಲಿ ಕಂಡದ್ದು ಅಂಪೈರ್‌ಗೆ ಕಾಣಲಿಲ್ಲ. ಒಂದೇ ಏಟಿಗೆ ಮೂರು ಔಟ್ ಹೀಗೆ ತಪ್ಪಿಹೋಯಿತು.

ಆದರೆ ಇದೆಲ್ಲ ಹಳೆಯ ಗಾಯ. ಹೊಸದನ್ನು ಮುಟ್ಟಲು ಅಜ್ಜನಿಗೂ ಮನಸ್ಸಿರಲಿಲ್ಲ. 2025ರ ಅಕ್ಟೋಬರ್ 31, ಡಾಡ್ಜರ್ಸ್ ವಿರುದ್ಧ ವರ್ಲ್ಡ್ ಸೀರೀಸ್ ಆರನೇ ಪಂದ್ಯದ ಕೊನೆ. ಎರಡನೇ ಬೇಸ್‌ನಲ್ಲಿದ್ದ ಆಡಿಸನ್ ಬಾರ್ಜರ್ ಬೇಸ್ ಬಿಟ್ಟು ತೀರಾ ಮುಂದೆ ಹೋಗಿದ್ದ. ಎಡಗಡೆ ಹೋದ ಚೆಂಡನ್ನು ಕೀಕೇ ಹೆರ್ನಾಂಡೆಸ್ ಓಡಿ ಬಂದು ಹಿಡಿದು ಎರಡನೇ ಬೇಸ್‌ಗೆ ಎಸೆದ. ಬಾರ್ಜರ್ ಔಟ್, ಪಂದ್ಯ ಮುಗಿಯಿತು. ಮರುದಿನ ಏಳನೆಯದು, ನವೆಂಬರ್ 1, ನಮ್ಮ ರಾಜ್ಯೋತ್ಸವದ ದಿನ. ಒಂಬತ್ತನೇ ಇನಿಂಗ್ಸ್, 4-4, ಮೂರೂ ಬೇಸ್ ಭರ್ತಿ, ಒಂದೇ ಔಟ್. ಮೂರನೇ ಬೇಸ್‌ನಲ್ಲಿ ಐಸಾಯಾ ಕೈನರ್-ಫಲೇಫ, ಈ ಸಲ ಬೇಸ್‌ಗೆ ಅಂಟಿಕೊಂಡಂತೆ ನಿಂತಿದ್ದ. ಲೈನ್ ಡ್ರೈವ್ ಬಂದರೆ ಸಿಕ್ಕಿಬೀಳಬಾರದೆಂದು ತಂಡ ಹಾಗೇ ಹೇಳಿತ್ತೆಂದು ಆಮೇಲೆ ಹೇಳಿದ. ಬಂದದ್ದು ನೆಲದ ಚೆಂಡು. ಮಿಗೆಲ್ ರೋಹಾಸ್ ತಡವರಿಸಿಕೊಂಡೇ ಹೋಂ ಪ್ಲೇಟ್‌ಗೆ ಎಸೆದ. ಕೂದಲೆಳೆಯಲ್ಲಿ ಔಟ್. ಹನ್ನೊಂದನೇ ಇನಿಂಗ್ಸಿನಲ್ಲಿ 5-4ರಿಂದ ಸೋತರು. 1993ರ ನಂತರದ ಮೊದಲ ಕಪ್ಪು, ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. ಬೆಂಗಳೂರಿನಲ್ಲಿ ಆಗ ಭಾನುವಾರ ಬೆಳಿಗ್ಗೆ ಸುಮಾರು ಹತ್ತು ಗಂಟೆ. ಮಿಸಿಸಾಗದಿಂದ ಚಿಕ್ಕಪ್ಪನ ಮಗ ಫೋನ್ ಮಾಡಿ ಒಂದು ನಿಮಿಷ ಮಾತೇ ಆಡಲಿಲ್ಲ. ನಾನು ಊರಲ್ಲಿ ಯಾರಿಗೋ ಏನೋ ಆಯಿತೆಂದು ಹೆದರಿದ್ದೆ.

ಹಿಂದಿನ ರಾತ್ರಿ ದೂರ ಹೋದದ್ದು ತಪ್ಪಾಯಿತು, ಈ ರಾತ್ರಿ ಹತ್ತಿರ ನಿಂತದ್ದು ತಪ್ಪಾಯಿತು. ಕೈನರ್-ಫಲೇಫನನ್ನು ಬೈದವರ ಗುಂಪಿಗೆ ನಾನು ಸೇರುವುದಿಲ್ಲ. ಬಿಸಿಹಾಲು ಕುಡಿದವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಒಂದು ವರ್ಷದ ಕನಸು ನಿಂತ ಆ ಗೇಣು ಜಾಗ ಪುಸ್ತಕದಲ್ಲಿ ಹೇಗಿದೆ ಎಂದು ಅಜ್ಜನನ್ನು ಕೇಳಿದೆ. ಪೆನ್ಸಿಲಿನಿಂದ ಅಂಚಿನಲ್ಲಿ ಬರೆದು ತೋರಿಸಿದರು: 4-2. ಎರಡನೇ ಬೇಸ್‌ನವನಿಂದ ಕ್ಯಾಚರ್‌ಗೆ. ಅಷ್ಟೇ.

ಕೆಳಗೆ ಇನಿಂಗ್ಸ್ ಬದಲಾಗಿತ್ತು. ನಮ್ಮ ಹುಡುಗ ನೀರು ಕುಡಿಯಲು ಇಳಿಜಾರು ಹತ್ತಿ ಬಂದ, ಪ್ಯಾಂಟೆಲ್ಲ ಕೆಂಪು ಮಣ್ಣು. ಅವನಜ್ಜಿಯಿರಬೇಕು, ನನಗೆ ತಿಳಿಯದ ಭಾಷೆಯಲ್ಲಿ ಏನೋ ಗದರಿದರು. ಔಟ್ ಯಾಕಾದೆ ಅಂತಲೋ, ಪ್ಯಾಂಟ್ ಯಾಕೆ ಕೊಳೆ ಮಾಡಿಕೊಂಡೆ ಅಂತಲೋ. ಹುಡುಗ ಉತ್ತರ ಕೊಡದೆ ಬಾಟಲಿ ಎತ್ತಿ ಗಟಗಟ ಕುಡಿದು, ಇಳಿಜಾರಿನಲ್ಲಿ ಜಾರಿಕೊಂಡೇ ಮೈದಾನಕ್ಕೆ ಹೋದ.